ಅವ್ವನ ಸಾರಿಗೆ ಬಣ್ಣ ಬೇಕು, ಖಾರ ಬೇಡ

ನಮ್ಮೂರು ಅಬ್ಬಿಗೆರೆ. ಬೆಂಗಳೂರು ಉತ್ತರಕ್ಕೆ, ಯಶವಂತಪುರದಿಂದ ಆಚೆ. ಒಂದು ಕಾಲಕ್ಕೆ ನಮ್ಮ ಹೊಲದಲ್ಲಿ ರಾಗಿ, ಅದರ ನಡುವೆ ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು. ಎಲ್ಲ ಮಳೆ ನಂಬಿದ ಬೆಳೆ. ಈಗ ಸುತ್ತ ಕಾರ್ಖಾನೆ, ಸೈಟು, ಮನೆ. ನನಗೆ ಉಳಿದಿರೋದು ಅರ್ಧ ಎಕರೆ ಹೊಲ, ಮನೆ ಹಿಂದೆ ಒಂದಿಷ್ಟು ಹಿತ್ತಲು. ಈ ಲೇಖನ ಆ ಹಿತ್ತಲಿನದು.

ನಮ್ಮ ಅವ್ವನಿಗೆ ಎಂಬತ್ತು ದಾಟಿದೆ. 2022ರಲ್ಲಿ ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆಯಲ್ಲಿ ವಾರ ಮಲಗಿದ್ದಳು. ಡಾಕ್ಟರು ಮಾತ್ರೆ ಕೊಟ್ಟು, ಖಾರ ಕಡಿಮೆ ಮಾಡಿ ಅಂದರು. ನಮ್ಮ ಸೊಸೆ ಮೆಣಸಿನಕಾಯಿಯನ್ನೇ ಬಿಟ್ಟು ಸಾರು ಮಾಡಿದಳು. ಅವ್ವ ತಟ್ಟೆ ನೋಡಿ, ‘ಇದೇನು ಬಾಣಂತಿ ಸಾರೇ? ಕೆಂಪಿಲ್ಲದ ಸಾರಿಗೆ ಮುದ್ದೆ ಅದ್ದಲಾ ನಾನು?’ ಅಂದಳು. ದಿನಕ್ಕೆರಡು ಮುದ್ದೆ ತಿನ್ನುತ್ತಿದ್ದವಳು ಅರ್ಧಕ್ಕೆ ಇಳಿದಳು. ಎರಡು ತಿಂಗಳಲ್ಲಿ ಬಳೆ ಮೊಣಕೈವರೆಗೆ ಜಾರತೊಡಗಿತು. ಹುಣ್ಣಿಗಿಂತ ಹಸಿವೇ ಇವಳನ್ನು ತಿನ್ನುತ್ತದೆ ಅನ್ನಿಸಿ ನನಗೆ ದಿಗಿಲಾಯಿತು.

ಅದೇ ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ಕುಂದಗೋಳ ಕಡೆಯ ರೈತರೊಬ್ಬರು ಜೊತೆಯಾದರು. ಅವರದು ಎರೆ ಹೊಲ, ಮಳೆ ಮೇಲೆ ಬ್ಯಾಡಗಿ ಮೆಣಸಿನಕಾಯಿ. ಅವ್ವನ ಕಥೆ ಹೇಳಿದೆ. ‘ನಮ್ಮ ಕಾಯಿ ಬಣ್ಣಕ್ಕರೀ ಯಜಮಾನ್ರ, ಖಾರಕ್ಕಲ್ಲ’ ಅಂದರು. ಚೀಲದಲ್ಲಿ ಮನೆಗೆಂದು ಯಾರಿಗೋ ಕೊಡಲು ತಂದಿದ್ದ ಡಬ್ಬಿ ಮೆಣಸಿನಕಾಯಿ ಒಂದು ಹಿಡಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಬ್ಯಾಡಗಿ ಅಂದರೆ ಹಾವೇರಿ ಜಿಲ್ಲೆಯ ಊರು. ಅಲ್ಲಿನ ಮಾರುಕಟ್ಟೆಯಿಂದ ಕಾಯಿಗೆ ಆ ಹೆಸರು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರಲ್ಲಿ ಕಡ್ಡಿ ಅಂತ ಒಂದು, ಡಬ್ಬಿ ಅಂತ ಒಂದು. ಕಡ್ಡಿ ತೆಳ್ಳಗೆ ಉದ್ದ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಒಳಗೆ ಬೀಜ ಹೆಚ್ಚು. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಡಿಮೆ. ಯಶವಂತಪುರ ಯಾರ್ಡಿನಲ್ಲಿ ಒಣ ಬ್ಯಾಡಗಿ ಸಿಗುತ್ತೆ, ಅಲ್ಲಿಂದಲೇ ತರಬಹುದಲ್ಲ ಅಂತ ನೀವು ಕೇಳಬಹುದು. ತಂದಿದ್ದೆ. ಆದರೆ ಈಗ ಹೈಬ್ರಿಡ್ ಕಾಯಿಯೂ ನೋಡಲು ಹಾಗೇ ಇರುತ್ತದೆ. ಒಂದು ಸಲ ತಂದದ್ದು ತಣ್ಣಗಿದ್ದರೆ ಇನ್ನೊಂದು ಸಲದ್ದು ಚುರ್ ಅನ್ನುತ್ತಿತ್ತು. ಅವ್ವನ ಹೊಟ್ಟೆ ಮೇಲೆ ಆ ಪರೀಕ್ಷೆ ಬೇಡ ಅಂತ ಬೀಜವೇ ಹಾಕಿದೆ.

ಬೀಜದ ಕೆಲಸ ಕಷ್ಟದ್ದಲ್ಲ. ಒಣ ಕಾಯಿ ಮುರಿದು ಬೀಜ ಉದುರಿಸಿಕೊಂಡು, ಹುರಿದ ಬಣ್ಣಕ್ಕೆ ತಿರುಗಿದ್ದನ್ನೂ ಜೊಳ್ಳನ್ನೂ ತೆಗೆದುಬಿಡಿ. ಕೈಗೆ ಎಣ್ಣೆ ಸವರಿಕೊಂಡು ಮಾಡಿ. ಸಪ್ಪೆ ಕಾಯಿ ಅಂತ ಕಣ್ಣುಜ್ಜಿಕೊಂಡು ನಾನು ಒಂದು ಮಧ್ಯಾಹ್ನ ಅತ್ತಿದ್ದೇನೆ. ಒಟ್ಲು ಒಂದು ಗೇಣಾದರೂ ಎತ್ತರ ಇರಲಿ, ನೀರು ನಿಲ್ಲಬಾರದು. ನಮ್ಮದು ಕೆಂಪು ಮಣ್ಣು, ಆದ್ದರಿಂದ ಹಳೇ ತಿಪ್ಪೆಗೊಬ್ಬರ ಧಾರಾಳ ಬೆರೆಸಿದೆ. ಬೀಜವನ್ನು ಅರ್ಧ ಬೆರಳಿನ ಅಂತರಕ್ಕೆ ಸಾಲು ಬಿಟ್ಟು, ಮೇಲೆ ತೆಳ್ಳಗೆ ಪುಡಿಗೊಬ್ಬರ ಉದುರಿಸಿ, ರಾಗಿ ಹುಲ್ಲು ಮುಚ್ಚಿ, ಪೂಸಕ್ಕಳಿಯ ಹಾಗೆ ನೀರು ಚಿಮುಕಿಸಬೇಕು. ಎಂಟರಿಂದ ಹನ್ನೆರಡು ದಿನಕ್ಕೆ ಮೊಳಕೆ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಿರಿ, ಮರೆತರೆ ಸಸಿ ಬೆಳ್ಳಗೆ ಸೊರಗಿ ಉದ್ದವಾಗುತ್ತೆ. ಅತಿಯಾಗಿ ನೀರು ಹಾಕಿದರೆ ಬುಡ ಕೊಳೆತು ಸಾಲುಸಾಲೇ ಮಲಗುತ್ತೆ. ನಲವತ್ತು ದಿನಕ್ಕೆ ಸಸಿ ಕಿತ್ತು ಎರಡಡಿಗೆ ಒಂದರಂತೆ ನೆಟ್ಟೆ, ಸಂಜೆ ಹೊತ್ತು.

ಒಟ್ಲು ಹಾಕುವ ಕಾಲದ ಬಗ್ಗೆ ಮಾತ್ರ ಒಂದು ಮಾತು. ನಮ್ಮಲ್ಲಿ ಮೇ ಕೊನೆಗೆ ಹಾಕಿದರೆ ಕಾಯಿ ಹಣ್ಣಾಗೋದು ಅಕ್ಟೋಬರ್ ಮಳೆಗೆ ಸಿಕ್ಕುತ್ತದೆ. ಕಾಯಿ ಮೇಲೆ ಕಪ್ಪು ಚುಕ್ಕೆ ಬಿದ್ದು ಕೊಳೆಯುತ್ತೆ, ಒಣಗಿಸಲು ಬಿಸಿಲಿಲ್ಲ. ಜುಲೈ ಮೊದಲ ವಾರ ಹಾಕಿದರೆ ಡಿಸೆಂಬರ್ ಬಿಸಿಲಿಗೆ ಹಣ್ಣು ಸಿಗುತ್ತೆ.

2023ರಲ್ಲಿ 24 ಗಿಡ ನೆಟ್ಟೆ. ಆ ವರ್ಷ ಬರ. ರಾಗಿ ಮೊಣಕಾಲುದ್ದ ಬರಲಿಲ್ಲ. ಪಾತ್ರೆ ತೊಳೆದ ನೀರನ್ನೇ ಗಿಡಕ್ಕೆ ಹೊತ್ತು ಹಾಕಿದೆವು. ಒಣಗಿದ ಮೇಲೆ ಒಂದು ಕಿಲೋ ಚಿಲ್ಲರೆ ಸಿಕ್ಕಿತು. ಹುರಿದು ಪುಡಿ ಮಾಡಿ ಸಾರಿಗೆ ಹಾಕಿದರೆ ಸಾರು ಕುಂಕುಮದ ಹಾಗೆ. ಅವ್ವ ಒಂದು ಮುದ್ದೆ ಮುಗಿಸಿ ಇನ್ನರ್ಧ ಕೇಳಿದಳು. ಆ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ, ಅವಳು ತಿನ್ನೋದನ್ನೇ ನೋಡುತ್ತಾ ಕೂತಿದ್ದೆವು.

ಹುಮ್ಮಸ್ಸಿನಲ್ಲಿ ನಮ್ಮ ಗಿಡದ್ದೇ ಚೆನ್ನಾದ ಕಾಯಿ ಆರಿಸಿ ಬೀಜಕ್ಕೆ ಇಟ್ಟೆ. ಕುಂದಗೋಳದ ಬೀಜ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಬೂದಿಯಲ್ಲಿ ಬೆರೆಸಿ ಸೀಸೆಯಲ್ಲಿ ಮುಚ್ಚಿಟ್ಟು ಮರೆತೆ. ಆ ಮರೆವೇ ಮುಂದೆ ನನ್ನನ್ನು ಕಾಪಾಡಿತು.

2024ರಲ್ಲಿ ಮಳೆ ಚೆನ್ನಾಗಿ ಬಂತು. ನಮ್ಮದೇ ಬೀಜದ 20 ಗಿಡ ನನ್ನ ಎದೆಗೆ ಬಂದವು. ಕೆಲವು ಗಿಡದ ಕಾಯಿ ನುಣ್ಣಗೆ, ನೆಟ್ಟಗೆ ಇತ್ತು. ಮಳೆಗೆ ಹಾಗೆ ಆಗಿರಬೇಕು ಅಂದುಕೊಂಡೆ. ಎಲ್ಲ ಒಟ್ಟಿಗೆ ಒಣಗಿಸಿ ಒಟ್ಟಿಗೆ ಪುಡಿ ಮಾಡಿಸಿದೆ. ಮೊದಲ ದಿನದ ಸಾರಿನಲ್ಲಿ ಎರಡು ತುತ್ತು ತಿಂದು ಅವ್ವ ತಟ್ಟೆ ಸರಿಸಿದಳು. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ‘ನಿನ್ನ ಗಿಡಕ್ಕೂ ನನ್ನ ಮೇಲೆ ಸಿಟ್ಟು ಬಂತಾ?’ ಅಂದಳು. ನಾನು ಏನೂ ಹೇಳಲಿಲ್ಲ.

ಒಬ್ಬರು ಮಣ್ಣಿನ ಗುಣ ಅಂದರು. ಎರೆ ಮಣ್ಣಿನ ಕಾಯಿ ಕೆಂಪು ಮಣ್ಣಿಗೆ ಬಂದರೆ ಖಾರ ಏರುತ್ತೆ ಅಂತ. ಇನ್ನೊಬ್ಬರು ನೀರು ಕಡಿಮೆಯಾದರೆ ಖಾರ ಏರುತ್ತೆ ಅಂದರು. ಎರಡನೆಯ ಮಾತಿನಲ್ಲಿ ಸತ್ಯವಿದೆ, ಗಿಡ ಬಾಡಿದರೆ ಕಾಯಿ ಚುರುಕಾಗುತ್ತೆ. ಆದರೆ ನಮ್ಮಲ್ಲಿ ಬರದ ವರ್ಷ ತಣ್ಣಗಿತ್ತು, ಮಳೆ ವರ್ಷ ಖಾರ ಬಂತು. ಲೆಕ್ಕ ಕೂಡಲಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಮಗೆ ದೂರವೇನಲ್ಲ. ಹೋಗಿ ಕೇಳಿದೆ. ಅಲ್ಲಿಯವರು ಕೇಳಿದ್ದು ಒಂದೇ ಪ್ರಶ್ನೆ, ಪಕ್ಕದಲ್ಲಿ ಬೇರೆ ಮೆಣಸಿನ ಗಿಡ ಇತ್ತಾ?

ಇತ್ತು. ಹಸಿಮೆಣಸಿನಕಾಯಿಗೆ ಅಂತ ಆರು ಜ್ವಾಲಾ ಗಿಡ, ನಾಲ್ಕಡಿ ದೂರದಲ್ಲಿ.

ಮೆಣಸಿನ ಹೂವು ತಾನೇ ಕಾಯಿ ಕಟ್ಟುತ್ತೆ, ನಿಜ. ಆದರೆ ಜೇನು, ನುಸಿ, ಇರುವೆ ಒಂದರ ಪರಾಗ ಇನ್ನೊಂದಕ್ಕೆ ದಾಟಿಸುತ್ತವೆ. ದಾಟಿದ ವರ್ಷ ಕಾಯಿ ಬದಲಾಗಲ್ಲ, ಕಾಯಿ ತಾಯಿಗಿಡದ್ದೇ. ಬದಲಾಗೋದು ಒಳಗಿನ ಬೀಜ. ಅದನ್ನು ಬಿತ್ತಿದ ಮೇಲೆ ಮುಂದಿನ ವರ್ಷ ಗುಟ್ಟು ಹೊರಬೀಳುತ್ತೆ. ಪ್ರಮಾಣಿತ ಬೀಜ ಬೆಳೆಯುವವರು ಇದಕ್ಕೇ ತಳಿಗೂ ತಳಿಗೂ 200 ಮೀಟರ್ ಬಿಡುತ್ತಾರಂತೆ. ನನ್ನ ಇಡೀ ಹಿತ್ತಲು ಇಪ್ಪತ್ತು ಮೀಟರ್ ಇಲ್ಲ!

ಆದರೂ ಮಣ್ಣಿನ ಅನುಮಾನ ಮನಸ್ಸಿನಿಂದ ಹೋಗಲಿಲ್ಲ. 2025ರ ಜುಲೈಯಲ್ಲಿ ಸೀಸೆಯ ಹಳೇ ಬೀಜ 20 ಹಾಕಿದೆ. ಮೂರು ವರ್ಷದ ಬೀಜ, ಏಳೇ ಹುಟ್ಟಿದವು. ನಮ್ಮದೇ ಬೀಜದ ಹತ್ತು ಗಿಡವನ್ನೂ ಅದೇ ಮಣ್ಣು, ಅದೇ ನೀರಿಗೆ ಪಕ್ಕದಲ್ಲೇ ನೆಟ್ಟೆ. ಹಳೇ ಬೀಜದ ಏಳೂ ಗಿಡದ ಕಾಯಿ ಸುಕ್ಕು ಸುಕ್ಕಾಗಿ, ತಣ್ಣಗೆ ಬಂತು. ನಮ್ಮ ಬೀಜದ ಹತ್ತರಲ್ಲಿ ಆರು ಚುರುಕು, ನಾಲ್ಕು ಪರವಾಗಿಲ್ಲ. ಮಣ್ಣನ್ನು ಸುಮ್ಮನೆ ಬೈದಿದ್ದೆ.

ರುಚಿ ನೋಡೋದಕ್ಕೂ ಒಂದು ಕ್ರಮ ಇದೆ. ಕಾಯಿಯ ತುದಿ ಕಚ್ಚಿ ತಣ್ಣಗಿದೆ ಅಂದರೆ ಮೋಸ ಹೋಗ್ತೀರಿ. ಖಾರ ಇರೋದು ಬೀಜ ಅಂಟಿಕೊಂಡಿರುವ ಒಳಗಿನ ಬಿಳೀ ತಿರುಳಿನಲ್ಲಿ, ಅದೂ ತೊಟ್ಟಿನ ಕಡೆ. ಬೀಜ ಖಾರ ಅನ್ನಿಸೋದು ಆ ತಿರುಳು ತಗುಲಿರೋದರಿಂದ. ಹಾಗಾಗಿ ತೊಟ್ಟಿನ ಹತ್ತಿರ ಸೀಳಿ, ತಿರುಳಿಗೆ ನಾಲಿಗೆ ತುದಿ ಮುಟ್ಟಿಸಬೇಕು. ಗಿಡಕ್ಕೊಂದು ಕಾಯಿ. ನಡುವೆ ಮಜ್ಜಿಗೆ ಕುಡಿಯಿರಿ, ನೀರು ಕುಡಿದರೆ ಉರಿ ಇಳಿಯಲ್ಲ. ರುಚಿ ನೋಡುವ ಕೆಲಸ ನನ್ನದು ಮತ್ತು ಮೊಮ್ಮಗನದು. ಅವನಿಗೆ ಇದೊಂದು ಆಟ. ‘ತಾತ, ಕರಿಮೆಣಸಿಗೂ ಇದಕ್ಕೂ ಒಂದೇ ಹೆಸರು ಯಾಕೆ?’ ಅಂತ ಕೇಳಿದ. ಪೋರ್ಚುಗೀಸರು ಅಮೆರಿಕದ ಕಾಯಿ ತರುವ ತನಕ ನಮ್ಮವರ ಖಾರ ಮೆಣಸೇ ಅಲ್ಲವೇ, ಅದರ ಹೆಸರನ್ನೇ ಕಾಯಿಗೂ ಕೊಟ್ಟರು.

ಬೀಜಕ್ಕೆ ಈ ಸಲ ಚೀಲ ಕಟ್ಟಿದೆ. ಸೊಸೆ ನನ್ನ ಹಳೇ ಪಂಚೆ ಹರಿದು ಗೇಣುದ್ದದ 12 ಚೀಲ ಹೊಲಿದು ಕೊಟ್ಟಳು. ಹಳೇ ಬೀಜದ ಗಿಡದಲ್ಲಿ ಮೊಗ್ಗು ತುಂಬಿದ ರೆಂಬೆ ಹುಡುಕಿ, ಅದರಲ್ಲಿ ಅರಳಿದ ಹೂವು, ಕಟ್ಟಿದ ಕಾಯಿ ಎಲ್ಲ ಕಿತ್ತು, ಬರೀ ಮೊಗ್ಗು ಉಳಿಸಿ ಚೀಲ ತೊಡಿಸಿ ಬಾಯಿ ಕಟ್ಟಬೇಕು. ಅರಳಿದ ಒಂದು ಹೂವು ಒಳಗೆ ಉಳಿದರೂ ಕೆಲಸ ಕೆಟ್ಟಂತೆ. ದಿನಾ ಬೆಳಿಗ್ಗೆ ರೆಂಬೆಯನ್ನು ಮೆಲ್ಲಗೆ ಬೆರಳಿನಿಂದ ತಟ್ಟಿದೆ, ಪರಾಗ ಒಳಗೇ ಉದುರಲಿ ಅಂತ. ಹತ್ತು ಹನ್ನೆರಡು ದಿನಕ್ಕೆ ಕಡಲೆ ಗಾತ್ರದ ಕಾಯಿ ಕಂಡ ಮೇಲೆ, ಉಳಿದ ಮೊಗ್ಗು ಹೂವು ಚಿವುಟಿ, ಚೀಲ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ನಾಲ್ಕು ಚೀಲದಲ್ಲಿ ಹೂವೆಲ್ಲ ಉದುರಿಹೋಯಿತು. ಎಂಟರಲ್ಲಿ 19 ಕಾಯಿ ನಿಂತಿತು. ಹಿತ್ತಲಿಗೆ ಅದು ಬೇಕಾದಷ್ಟಾಯಿತು.

ಎಲೆ ಮುದುಡೋದು ಎಲ್ಲರ ಗೋಳು. ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ನುಸಿ. 2024ರಲ್ಲಿ ಒಂದು ಅಂಗಡಿಯವರು ಎಲೆ ನೋಡದೇ ಕೊಟ್ಟ ಔಷಧಿ ಎರಡು ಸಲ ಹೊಡೆದು ದುಡ್ಡು ಕಳೆದುಕೊಂಡೆ. ನಮ್ಮದು ಕೆಳಕ್ಕೆ ಮುದುಡಿತ್ತು, ಅವರು ಕೊಟ್ಟದ್ದು ಥ್ರಿಪ್ಸಿನದು. ಆಮೇಲೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ ಮೂರು ಗ್ರಾಂ ಹಾಕಿ ಸಂಜೆ ಸಿಂಪಡಿಸಿದ ಮೇಲೆ ಹೊಸ ಎಲೆ ನೆಟ್ಟಗೆ ಬಂತು. ಇದನ್ನು ಉರಿಬಿಸಿಲಲ್ಲಿ ಹೊಡೆಯಬೇಡಿ, ಬೇವಿನೆಣ್ಣೆ ಜೊತೆ ಬೆರೆಸಬೇಡಿ, ಎಲೆ ಸುಡುತ್ತೆ.

ಆ ಏಳು ಗಿಡದಿಂದ ಒಣ ಕಾಯಿ ಮುನ್ನೂರೈವತ್ತು ಗ್ರಾಂ ಆಯಿತು. ಅವ್ವನ ಡಬ್ಬಿ ಬೇರೆ, ನಮ್ಮ ಡಬ್ಬಿ ಬೇರೆ. ಅವಳೀಗ ದಿನಕ್ಕೆ ಒಂದೂವರೆ ಮುದ್ದೆಗೆ ಬಂದಿದ್ದಾಳೆ. ಕೆಂಪು ದಾರದ ಬೀಜ ಸೀಸೆಯಲ್ಲಿದೆ, ಮುಂದಿನ ಜುಲೈಗೆ ಒಟ್ಲು. ಜ್ವಾಲಾ ಗಿಡ ನಾನು ಕಿತ್ತುಹಾಕಿದ್ದೇನೆ. ಆದರೆ ಹಿಂದಿನ ಮನೆಗೆ ಬಾಡಿಗೆಗೆ ಬಂದವರು ಮಾಳಿಗೆ ಮೇಲೆ ಕುಂಡದಲ್ಲಿ ಗುಂಟೂರು ಮೆಣಸಿನ ಗಿಡ ಇಟ್ಟಿದ್ದಾರೆ. ಅವರಿಗೆ ಬೇಡ ಅನ್ನೋಕಾಗುತ್ತಾ? ಸೊಸೆಗೆ ಇನ್ನೊಂದು ಪಂಚೆ ಕೊಟ್ಟಿದ್ದೇನೆ.