ಹುಟ್ಟಿಗೆ ಸೂಲಗಿತ್ತಿ, ಸಾವಿಗೆ ಯಾರು?

ಧಾರವಾಡದ ಹೊಸಯಲ್ಲಾಪುರದಲ್ಲಿ ನಮ್ಮ ಸೋದರತ್ತೆ ಕಡೆಯ ಮೂರು ದಿನ ಏನನ್ನೂ ನುಂಗುತ್ತಿರಲಿಲ್ಲ. ಪುಣೆಯಿಂದ ಓಡಿಬಂದ ಮಗ ಎಳನೀರಿನ ಲೋಟ ಹಿಡಿದು, ‘ಒಂದ್ ಗುಟುಕರ ಕುಡಿಯವ್ವಾ’ ಎಂದು ಗೋಗರೆಯುತ್ತಿದ್ದ. ಹಿಂದಿನ ಓಣಿಯ ಮುದುಕಿಯೊಬ್ಬರು ಒಳಗೆ ಬಂದವರೇ ಲೋಟ ಇಸಿದುಕೊಂಡು ಕೆಳಗಿಟ್ಟರು. ‘ಕುಡಿಸಬ್ಯಾಡೋ ತಮ್ಮಾ, ನೆತ್ತಿಗೇರೀತು. ಆಕಿಗೆ ಈಗ ನೀರಡಿಕಿಲ್ಲ, ಬಾಯಿ ಒಣಗೇತಿ ಅಷ್ಟ.’ ಹತ್ತಿಯುಂಡೆಯನ್ನು ನೀರಲ್ಲಿ ಅದ್ದಿ, ಹಿಂಡಿ, ತುಟಿಗೆ ಒತ್ತಿದರು. ಮೇಲೆ ಚೂರು ತುಪ್ಪ ಸವರಿದರು. ಅತ್ತೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟರು. ಗಂಟಲಿನ ಗೊರಗೊರ ಅರ್ಧಕ್ಕೆ ಇಳಿಯಿತು. ಮಗ ಅವತ್ತು ರಾತ್ರಿ ಎರಡು ತಾಸು ನಿದ್ದೆ ಮಾಡಿದ.

ಈ ಕೆಲಸಕ್ಕೆ ಹೊರದೇಶಗಳಲ್ಲಿ ಈಗ ‘ಡೆತ್ ಡೌಲಾ’ ಎಂಬ ಹೆಸರಿದೆ, ತರಬೇತಿಯಿದೆ, ಶುಲ್ಕವೂ ಇದೆ. ಡೌಲಾ ಗ್ರೀಕ್ ಮೂಲದ ಶಬ್ದ, ಸೇವೆ ಮಾಡುವವಳು ಎಂದರ್ಥ. ಮೊದಲು ಹೆರಿಗೆ ವೇಳೆ ಜೊತೆಗಿರುವವಳಿಗೆ ಆ ಹೆಸರು ಬಂತು, ಆಮೇಲೆ ಸಾವಿನ ಹಾಸಿಗೆಗೂ ಹಬ್ಬಿತು. ಆಕೆ ಇಂಜೆಕ್ಷನ್ ಚುಚ್ಚುವುದಿಲ್ಲ, ಮಾತ್ರೆ ಬರೆಯುವುದಿಲ್ಲ. ಪಕ್ಕದಲ್ಲಿ ಕೂರುತ್ತಾಳೆ. ಮುಂದೆ ಏನಾಗಲಿದೆ ಎಂದು ಮನೆಯವರಿಗೆ ತಿಳಿಹೇಳುತ್ತಾಳೆ. ಹೋಗುವವರ ಆಸೆ ಏನೆಂದು ಕೇಳಿಕೊಳ್ಳುತ್ತಾಳೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಇನ್ನೊಂದು ಬಾಗಿಲಲ್ಲಿ ನಿಲ್ಲುವವಳಿಗೆ ಮಾತ್ರ ಕನ್ನಡದಲ್ಲಿ ಒಂದು ಹೆಸರೂ ಇಲ್ಲ.

ಹೆಸರಿಲ್ಲದಿದ್ದರೂ ಕೆಲಸ ಇತ್ತು. ಲಿಂಗಾಯತರ ಮನೆಗಳಲ್ಲಿ ‘ವಿಭೂತಿ ವೀಳ್ಯ’ ಎಂಬ ಪದ್ಧತಿಯಿದೆ. ಜೀವ ಇರುವಾಗಲೇ ಜಂಗಮರನ್ನು ಕರೆಸಿ, ಹೋಗುವವರ ಕೈಯಿಂದಲೇ ವಿಭೂತಿ, ವೀಳ್ಯ, ದಕ್ಷಿಣೆ ಕೊಡಿಸುವುದು. ಅಂದರೆ ತನ್ನ ಬೀಳ್ಕೊಡುಗೆಯ ಯಜಮಾನ ತಾನೇ. ಹಳೇ ಹುಬ್ಬಳ್ಳಿಯ ಮುಸ್ಲಿಂ ಮನೆಗಳಲ್ಲಿ ಮಂಚದ ಬಳಿ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾರೆ. ಯಾರೂ ಯಾರಿಗೂ ಸಾವನ್ನು ಮುಚ್ಚಿಡುತ್ತಿರಲಿಲ್ಲ. ಈಗ ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಉಸಿರು ಏರಿದರೆ ಆಂಬುಲೆನ್ಸ್, ಅಲ್ಲಿಂದ ಐಸಿಯು, ಗಾಜಿನ ಈಚೆ ನಾವು. ಬಿಡಿಸಿಕೊಂಡು ಬರೋಣವೆಂದರೆ ‘ಖರ್ಚಿಗೆ ಅಂಜಿದ್ರು’ ಎಂದು ಬೀಗರು ಆಡಿಕೊಂಡಾರೆಂಬ ಭಯ. ನನ್ನ ಅನಿಸಿಕೆ ಕೇಳಿದರೆ, ನಮ್ಮಲ್ಲಿ ಎಷ್ಟೋ ಜನ ವೆಂಟಿಲೇಟರ್ ಮೇಲಿರುವುದು ಈ ಮಾತಿನ ಅಂಜಿಕೆಗೆ.

ಅಂಜದವರೊಬ್ಬರು ನಮ್ಮ ಕಡೆಯೇ ಇದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಪತ್ರ ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಒಪ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ. 2023ರ ಜನವರಿ 2ರಂದು ಅವರು ಹೋದಾಗ ಅದರಂತೆಯೇ ನಡೆಯಿತು. ಮಠವೊಂದರಲ್ಲಿ ಗದ್ದುಗೆ ಬೇಡವೆನ್ನುವುದು ಸಣ್ಣ ಮಾತಲ್ಲ. ಬರಹ ಇತ್ತು, ಹಾಗಾಗಿ ತಕರಾರಿಗೆ ಜಾಗವಿರಲಿಲ್ಲ.

ಬರಹವಿಲ್ಲದವರ ಕಥೆಯೂ ದೂರದ್ದಲ್ಲ. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಅಲ್ಲೇ ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದರು. ಅವರ ಪ್ರಕರಣದಲ್ಲಿಯೇ 2011ರಲ್ಲಿ ಸುಪ್ರೀಂ ಕೋರ್ಟ್, ಗುಣವಾಗದವರ ಚಿಕಿತ್ಸೆ ನಿಲ್ಲಿಸಬಹುದೇ ಎಂಬ ಪ್ರಶ್ನೆಯ ಬಾಗಿಲನ್ನು ಮೊದಲು ತೆರೆದದ್ದು. ಆದರೆ ಅರುಣಾಗೆ ಕೊಡುತ್ತಿದ್ದ ಆಹಾರ ನಿಲ್ಲಿಸಲು ಒಪ್ಪಲಿಲ್ಲ; ಆಸ್ಪತ್ರೆಯ ನರ್ಸ್‌ಗಳೂ ಒಪ್ಪಿರಲಿಲ್ಲ. 2015ರಲ್ಲಿ ಆಕೆ ತೀರಿಕೊಳ್ಳುವವರೆಗೂ ಅವರೇ ನೋಡಿಕೊಂಡರು. ಅದೇ ಕೋರ್ಟಿನ 2018ರ ತೀರ್ಪು ಘನತೆಯಿಂದ ಸಾಯುವುದೂ ಹಕ್ಕೆಂದು ಹೇಳಿ ‘ಲಿವಿಂಗ್ ವಿಲ್’ಗೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ತೊಡಕು ಕಡಿಮೆಯಾಯಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಅದರ ಜಾರಿಗೆ ಆದೇಶ ಹೊರಡಿಸಿತು. ಇದಕ್ಕಾಗಿ ಎರಡು ದಶಕಕ್ಕೂ ಮಿಕ್ಕಿ ಹೋರಾಡಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ.

ಲಿವಿಂಗ್ ವಿಲ್ ಎಂದರೆ ಚುಚ್ಚಿ ಸಾಯಿಸುವ ಮಾತಲ್ಲ, ಅದು ಇವತ್ತಿಗೂ ಅಪರಾಧ. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರ ಬೇಡ ಎಂದು ಮುಂಚಿತವಾಗಿ ಬರೆದಿಡುವುದು. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ನಿಮ್ಮ ಪರವಾಗಿ ನಿರ್ಧರಿಸುವ ಹತ್ತಿರದವರ ಹೆಸರು, ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಒಂದು ಪ್ರತಿ ಸ್ಥಳೀಯ ಆಡಳಿತಕ್ಕೆ, ನಮ್ಮ ಮಟ್ಟಿಗೆ ಮಹಾನಗರ ಪಾಲಿಕೆಗೆ. ಹೊತ್ತು ಬಂದಾಗ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಂದರ ಮೇಲೊಂದು ನೋಡಿ ಒಪ್ಪಬೇಕು.

ಕಾಗದಕ್ಕಿಂತ ನೋವು ದೊಡ್ಡದು. ಕ್ಯಾನ್ಸರ್‌ನ ಕಡೆಯ ನೋವಿಗೆ ಮಾರ್ಫಿನ್ ಮಾತ್ರೆ ಅಗ್ಗದ, ಹಳೆಯ, ಗಟ್ಟಿ ಔಷಧ. ‘ಚಟ ಹತ್ತತೈತಿ’ ಎಂದು ಮನೆಯವರೇ ಬೇಡವೆನ್ನುತ್ತಾರೆ. ನಾಲ್ಕು ವಾರದ ಬದುಕಿಗೆ ಎಂಥ ಚಟ? 2014ರ ಕಾನೂನು ತಿದ್ದುಪಡಿ ಆಸ್ಪತ್ರೆಗಳಿಗೆ ಇದರ ಪರವಾನಗಿಯನ್ನೂ ಹಗುರ ಮಾಡಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಹೋಗಬಹುದು. ಹೋದಾಗ ‘ಉಪಶಮನ ಆರೈಕೆ ಯಾರು ನೋಡತಾರ?’ ಎಂದು ಬಾಯಿಬಿಟ್ಟು ಕೇಳಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್‌ನ ಕಡೆಯ ಹಂತದವರನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಅದು ನಾನೂರು ಕಿಲೋಮೀಟರ್ ದೂರ. ಸಾಯುವವರಿಗೆ ಪ್ರಯಾಣ ಬೇಡ, ತಮ್ಮ ಮಂಚ ಬೇಕು.

ಹೊಸಯಲ್ಲಾಪುರದ ಆ ಮುದುಕಿ ಈಗಿಲ್ಲ. ನಿಮ್ಮ ಓಣಿಯಲ್ಲಿ ಅಂಥವರು ಇನ್ನೂ ಇದ್ದರೆ, ಬರುವ ಭಾನುವಾರ ಹೋಗಿ ಒಂದು ತಾಸು ಕೂತು, ತುಟಿ ಒಣಗಿದರೆ ಏನು ಮಾಡಬೇಕು, ಗಂಟಲು ಗೊರಗುಟ್ಟಿದರೆ ಹೇಗೆ ಹೊರಳಿಸಬೇಕು ಎಂದು ಕೇಳಿ ಕಲಿತು ಬನ್ನಿ.