ದಪ್ಪ ಅಕ್ಷರದಲ್ಲಿ ಬಂದ ಅಂಕಿ

ಹೆಬ್ಬಾಳದ ಅಪಾರ್ಟ್‌ಮೆಂಟುಗಳಿಗೆ ಬೆಳಗಾಗುತ್ತಲೇ ಲ್ಯಾಬಿನವರು ಬೈಕಿನಲ್ಲಿ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಸಂಜೆಯೊಳಗೆ ರಿಪೋರ್ಟು ವಾಟ್ಸ್ಆ್ಯಪ್‌ಗೆ ಬಂದುಬಿಡುತ್ತದೆ. ಡಾಕ್ಟರಿಗಿಂತ ಮೊದಲು ಮನೆಮಂದಿಯೆಲ್ಲ ಅದನ್ನು ನೋಡಿರುತ್ತಾರೆ. ಅರವತ್ತು ಎಪ್ಪತ್ತು ಅಂಕಿಗಳಿದ್ದರೂ ಕಣ್ಣು ಹೋಗುವುದು ದಪ್ಪ ಅಕ್ಷರದ ಎರಡು ಮೂರಕ್ಕೆ: ಥೈರಾಯ್ಡಿನ ಟಿಎಸ್‌ಎಚ್ 5.6, ಖಾಲಿ ಹೊಟ್ಟೆಯ ಶುಗರ್ 104, ಹಿಮೋಗ್ಲೋಬಿನ್ 11.8. ಅಕ್ಷರ ದಪ್ಪ ಮಾಡಿದ್ದು ಕಂಪ್ಯೂಟರ್. ಪಕ್ಕದ ಕಾಲಮಿನ ಮಿತಿ ದಾಟಿತೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಯಾರ ರಕ್ತ, ಎಷ್ಟು ದಾಟಿದೆ, ಹೋದ ವರ್ಷ ಎಷ್ಟಿತ್ತು ಎಂಬ ಗೊಡವೆ ಅದಕ್ಕಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ಕಡಿಮೆ ಬಂದ ಅಂಕಿಗೆ ಕೂಡಲೇ ರೋಗದ ಹೆಸರಿಟ್ಟು ಮಾತ್ರೆ ಹುಡುಕುವುದು ಅವಸರದ ಕೆಲಸ. ಮೊದಲು ಆ ಮಿತಿ ಎಲ್ಲಿಂದ ಬಂತೆಂದು ಕೇಳಬೇಕು.

ಹೆಚ್ಚಿನ ಪರೀಕ್ಷೆಗಳಲ್ಲಿ ಅದು ಬರುವುದು ಲೆಕ್ಕದಿಂದ. ಆರೋಗ್ಯವಾಗಿರುವ ಕನಿಷ್ಠ 120 ಮಂದಿಯ ರಕ್ತ ಪರೀಕ್ಷಿಸಿ, ಅಂಕಿಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಯಲ್ಲಿ ಶೇ. 2.5ರಷ್ಟನ್ನು ಬಿಟ್ಟು ನಡುವಿನ ಶೇ. 95ನ್ನು ಉಳಿಸಿಕೊಳ್ಳುವುದು ರೂಢಿ. ಅಂದರೆ ಆರೋಗ್ಯವಂತರಲ್ಲೇ ಇಪ್ಪತ್ತರಲ್ಲಿ ಒಬ್ಬರು ಮಿತಿಯ ಹೊರಗೆ ಬೀಳುವುದು ಲೆಕ್ಕದಲ್ಲೇ ಸೇರಿದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಒಂದಾದರೂ ದಪ್ಪ ಅಕ್ಷರ ಬರುವ ಸಂಭವ ಸುಮಾರು ಶೇ. 64. ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಎಲ್ಲವೂ ಸರಿಯಾಗಿ ಬಂದರೇ ಆಶ್ಚರ್ಯಪಡಬೇಕು.

ಇನ್ನು ಕೆಲವು ಗೆರೆಗಳನ್ನು ತಜ್ಞರು ಕೂತು ಎಳೆಯುತ್ತಾರೆ, ಬೇರೆ ತಜ್ಞರು ಜರುಗಿಸುತ್ತಾರೆ. ಹಿಮೋಗ್ಲೋಬಿನ್ನನ್ನೇ ನೋಡಿ. ಗರ್ಭಿಣಿಯಲ್ಲದ ಹೆಂಗಸಿಗೆ 12, ಗಂಡಸಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದ ತಂಡವೊಂದು, 1ರಿಂದ 19 ವರ್ಷದ ಆರೋಗ್ಯವಂತ ಭಾರತೀಯ ಮಕ್ಕಳ ರಕ್ತವನ್ನೇ ಆಧಾರವಾಗಿಟ್ಟುಕೊಂಡು ಮಿತಿ ಲೆಕ್ಕಹಾಕಿ, 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಬಹುಪಾಲು ವಯಸ್ಸುಗಳಲ್ಲಿ ಹೊಸ ಮಿತಿ 1ರಿಂದ 2 ಗ್ರಾಂ ಕೆಳಗೆ ಬಂತು. ಹಳೆಯ ಗೆರೆಯ ಪ್ರಕಾರ ಶೇ. 30ರಷ್ಟು ಮಕ್ಕಳಿಗೆ ರಕ್ತಹೀನತೆ. ಹೊಸದರ ಪ್ರಕಾರ ಶೇ. 10.8. ಮಕ್ಕಳೂ ಅವರೇ, ರಕ್ತವೂ ಅದೇ. ತಮಾಷೆಯೆಂದರೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಮುದ್ರಮಟ್ಟದಿಂದ 500ರಿಂದ 999 ಮೀಟರ್ ಎತ್ತರದ ಊರುಗಳಿಗೆ ಮಿತಿಯನ್ನು 0.4 ಗ್ರಾಂ ಏರಿಸಲು ಹೇಳಿತು; ಸುಮಾರು 900 ಮೀಟರ್ ಎತ್ತರದ ಹೆಬ್ಬಾಳವೂ ಅದರಲ್ಲಿ ಸೇರುತ್ತದೆ. ಶುಗರ್ ಕಥೆಯೂ ಹೀಗೆಯೇ. ಅಮೆರಿಕದ ಮಧುಮೇಹ ಸಂಘ 2003ರಲ್ಲಿ ಗೆರೆಯನ್ನು 110ರಿಂದ 100ಕ್ಕೆ ಇಳಿಸಿತು, ವಿಶ್ವ ಆರೋಗ್ಯ ಸಂಸ್ಥೆ ಇಳಿಸಲಿಲ್ಲ. ಹಾಗಾಗಿ 104 ಬಂದವರು ಒಬ್ಬರ ಪ್ರಕಾರ ‘ಪ್ರಿಡಯಾಬಿಟಿಸ್’, ಇನ್ನೊಬ್ಬರ ಪ್ರಕಾರ ನಾರ್ಮಲ್.

ಗೆರೆ ಸರಿಯಿದ್ದರೂ ರಕ್ತ ತೆಗೆದ ರೀತಿ ಅಂಕಿಯನ್ನು ಅಲುಗಾಡಿಸುತ್ತದೆ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿದು ಬಿಡುತ್ತಿದ್ದರೆ ಪೊಟ್ಯಾಸಿಯಂ ಏರುತ್ತದೆ. ಸೂಜಿಯಲ್ಲಿ ಕೆಂಪು ರಕ್ತಕಣ ಒಡೆದರೂ ಏರುತ್ತದೆ. ಶುಗರ್‌ಗೆ ಫ್ಲೋರೈಡ್ ಇರುವ, ಬೂದು ಮುಚ್ಚಳದ ಟ್ಯೂಬ್ ಬೇಕು. ಬೇರೆ ಟ್ಯೂಬಿನಲ್ಲಿ ರಕ್ತ ಹೆಬ್ಬಾಳ ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಕೂತರೆ, ಕಣಗಳೇ ಸಕ್ಕರೆ ತಿಂದು ಅಂಕಿ ಇಳಿಯುತ್ತದೆ. ಹಿಂದಿನ ದಿನ ಜಿಮ್ಮಿನಲ್ಲಿ ಮೈಮುರಿದವರ ಎಸ್‌ಜಿಒಟಿ ಏರಿರಬಹುದು, ಲಿವರಿಗೆ ಏನೂ ಆಗದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಥೈರಾಯ್ಡ್ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ.

ಅವಸರ ಬೇಡವೆಂಬ ಮಾತಿಗೆ ಬರುವ ಆಕ್ಷೇಪಣೆ ನ್ಯಾಯವಾದದ್ದೇ: ಕಾಯಿಲೆ ಸಣ್ಣದಿರುವಾಗಲೇ ಹಿಡಿಯಬೇಡವೇ? ಹಿಡಿಯಬೇಕು, ಹಿಡಿದದ್ದರಿಂದ ಲಾಭವಿದ್ದರೆ. ಥೈರಾಯ್ಡ್ ಹಾರ್ಮೋನು ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿದ, 65 ದಾಟಿದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ವರ್ಷ ಕಳೆದರೂ ಆಯಾಸದಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ, ಥೈರಾಕ್ಸಿನ್ ನುಂಗಿದವರಿಗೂ ಸುಳ್ಳು ಮಾತ್ರೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಗರ್ಭಿಣಿಯರ ಮಾತು ಬೇರೆ, ಅವರು ಕಾಯಬಾರದು. ಉಳಿದವರಲ್ಲಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದಾಗ ಎಷ್ಟೋ ಟಿಎಸ್‌ಎಚ್ ತಾನಾಗಿಯೇ ಇಳಿದಿರುತ್ತದೆ. ‘ಮತ್ತೆ ಮಾಡಿಸಿ’ ಎಂದರೆ ಲ್ಯಾಬಿನವರಿಗೆ ಲಾಭ ಎಂದು ಗೊಣಗುವವರೂ ಇದ್ದಾರೆ. ಆದರೆ ಒಂದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವ ಖರ್ಚು ವರ್ಷಗಟ್ಟಲೆ ಮಾತ್ರೆಯ ಖರ್ಚಿನ ಮುಂದೆ ಏನೂ ಅಲ್ಲ.

ಹಾಗೆಂದು 104ನ್ನು ಮಡಚಿ ಬೀರುವಿನಲ್ಲಿಡಲು ಆಗುವುದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅಪ್ಪ ಅಮ್ಮನಿಗೆ ಶುಗರ್ ಇದ್ದು, ಸೊಂಟದ ಸುತ್ತಳತೆ ಏರುತ್ತಿದ್ದರೆ ಆ ಅಂಕಿ ನಡಿಗೆ ಶುರುಮಾಡಲು ಸಾಕಷ್ಟು ಕಾರಣ. ಇದಕ್ಕೆ ತದ್ವಿರುದ್ಧವಾಗಿ, ದಪ್ಪ ಅಕ್ಷರವೇ ಇಲ್ಲದೆಯೂ ಎಚ್ಚರವಾಗಬೇಕಾದ ರಿಪೋರ್ಟುಗಳಿವೆ. ಮೂರು ವರ್ಷದಲ್ಲಿ 0.7, 0.9, 1.1 ಎಂದು ಏರಿದ ಕ್ರಿಯೇಟಿನಿನ್‌ನ ಪ್ರತಿ ಅಂಕಿಯೂ ಮಿತಿಯೊಳಗೇ ಇರಬಹುದು, ಕಿಡ್ನಿಯನ್ನು ಮಾತ್ರ ಡಾಕ್ಟರು ನೋಡಲೇಬೇಕು. ಹಳೆಯ ರಿಪೋರ್ಟುಗಳನ್ನು ಪಕ್ಕದಲ್ಲಿಡದೆ ಇದು ಕಾಣುವುದಿಲ್ಲ. ದಪ್ಪ ಅಕ್ಷರ ಬಂದಾಗಲೂ ಒಂದೇ ಅಂಕಿ ನೋಡಿದರೆ ಸಾಲದು: ಅರವತ್ತು ದಾಟಿದ ಗಂಡಸಿನ ಹಿಮೋಗ್ಲೋಬಿನ್ 12.4 ಇದ್ದು, ಅದರ ಕೆಳಗೇ ಕೆಂಪು ರಕ್ತಕಣದ ಸರಾಸರಿ ಗಾತ್ರವಾದ ಎಂಸಿವಿಯೂ ಕಡಿಮೆಯೆಂದಿದ್ದರೆ, ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುವ ಮೊದಲು ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು.