ಪುಸ್ತಕಕ್ಕೆ ಇಳಿದ ಮರದ ಬೊಂಬೆಗಳು

ಮಕ್ಕಳೇ, ಅಜ್ಜ-ಅಜ್ಜಿಯೂ ನಟರು, ಅಮ್ಮನೂ ನಟಿ. ಅಂಥ ಮನೆಯ ಹುಡುಗ ಏನಾಗುತ್ತಾನೆ? ನಟನೇ ಅಲ್ಲವೇ?

ಇಂಗ್ಲೆಂಡಿನ ಎಡ್ವರ್ಡ್ ಗಾರ್ಡನ್ ಕ್ರೇಗ್ ಮೊದಲು ನಟನೇ ಆದರು. 1872ರಲ್ಲಿ ಹುಟ್ಟಿದ ಅವರ ತಾಯಿ ಹೆಸರಾಂತ ನಟಿ ಎಲೆನ್ ಟೆರಿ. 'ಕ್ರೇಗ್' ಎಂಬುದು ಮನೆತನದ ಹೆಸರಲ್ಲ. ಸ್ಕಾಟ್ಲೆಂಡಿನ ಕಡಲಿನಲ್ಲಿರುವ 'ಏಲ್ಸಾ ಕ್ರೇಗ್' ಎಂಬ ಬಂಡೆದ್ವೀಪದಿಂದ ಪಡೆದದ್ದು!

ಹದಿನೇಳರ ವಯಸ್ಸಿಗೆ ಅಮ್ಮ ನಟಿಸುತ್ತಿದ್ದ ಲಂಡನ್ನಿನ ಲೈಸಿಯಂ ರಂಗಮಂದಿರವನ್ನು ಕ್ರೇಗ್ ಸೇರಿದರು. 1893ರಲ್ಲಿ ಕಲಾವಿದ ವಿಲಿಯಂ ನಿಕಲ್ಸನ್ ಅವರಿಂದ ಮರದಚ್ಚು ಕೆತ್ತುವುದನ್ನು ಕಲಿತರು. ಮರದ ತುಂಡಿನಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಮಸಿ ಹಚ್ಚಿ, ಕಾಗದ ಒತ್ತಿದರೆ ಚಿತ್ರ ಸಿದ್ಧ. 1899ರಲ್ಲಿ ಅಗ್ಗದ ಮರದ ಆಟಿಕೆಗಳ ಚಿತ್ರಗಳನ್ನು ಹೀಗೆಯೇ ಅಚ್ಚು ಹಾಕಿ, ಬಣ್ಣ ತುಂಬಿ, ಒಂದು ಪುಸ್ತಕ ಮಾಡಿದರು.

ಅಷ್ಟರಲ್ಲಿ ನಟನೆ ಬಿಟ್ಟಿದ್ದರು. ಈಗ ಅವರ ಮನಸ್ಸೆಲ್ಲ ರಂಗಸಜ್ಜಿಕೆಯ ಮೇಲೆ. ಅಂದಿನ ನಾಟಕಗಳಲ್ಲಿ ಕಾಡು, ಅರಮನೆ ಎಲ್ಲವನ್ನೂ ಬಟ್ಟೆಯ ಮೇಲೆ ಬರೆದು ತೂಗುಹಾಕುತ್ತಿದ್ದರು. ಕ್ರೇಗ್ ಅವರಿಗೆ ಅದು ಬೇಡವಾಗಿತ್ತು. ಎತ್ತರದ ಸಾದಾ ತಟ್ಟಿಗಳು, ಅವುಗಳ ಮೇಲೆ ಬೀಳುವ ಬೆಳಕು, ಇಷ್ಟರಿಂದಲೇ ಅರಮನೆಯೂ ಭಯವೂ ಮೂಡಬೇಕು ಎಂದರು. ಪುಟ್ಟ ಮಾದರಿ ರಂಗ ಕಟ್ಟಿ, ಅದರಲ್ಲಿ ನಿಲ್ಲಿಸಲು ಮರದ ಚಪ್ಪಟೆ ಬೊಂಬೆಗಳನ್ನು ಕೆತ್ತಿದರು.

ಮಾಸ್ಕೋ ನಗರದ ಪ್ರಸಿದ್ಧ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಅವರು ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕಕ್ಕೆ ಕ್ರೇಗ್ ಅವರನ್ನು ಕರೆಸಿಕೊಂಡರು. ಪ್ರೇಕ್ಷಕರ ಕಣ್ಣೆದುರೇ ತಟ್ಟಿಗಳು ಸರಿದು ದೃಶ್ಯ ಬದಲಾಗಬೇಕೆಂಬುದು ಕ್ರೇಗ್ ಆಸೆ. ಆದರೆ 1912ರ ಆರಂಭದಲ್ಲಿ, ಮೊದಲ ಪ್ರದರ್ಶನಕ್ಕೆ ಸ್ವಲ್ಪ ಮುಂಚೆ, ತಟ್ಟಿಗಳು ಒಂದರ ಮೇಲೊಂದು ಇಸ್ಪೀಟೆಲೆಯ ಮನೆಯಂತೆ ಉರುಳಿಬಿದ್ದವು ಎಂದು ಸ್ಟಾನಿಸ್ಲಾವ್‌ಸ್ಕಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊನೆಗೆ ಪರದೆ ಇಳಿಸಿಯೇ ದೃಶ್ಯ ಬದಲಾಯಿಸಬೇಕಾಯಿತು.

ಕನಸು ಮಣ್ಣುಪಾಲಾಯಿತೇ? ಇಲ್ಲ. ಕ್ರೇಗ್ ಮರದ ಬೊಂಬೆಗಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿ ನೋಡಿದ್ದರು. ಎಷ್ಟು ಸೊಗಸಾದ ಚಿತ್ರಗಳು! ಅವನ್ನು ಮೆಚ್ಚಿದ ಜರ್ಮನಿಯ ಹ್ಯಾರಿ ಕೆಸ್ಲರ್ ತಮ್ಮ ಮುದ್ರಣಾಲಯದಿಂದ ಕ್ರೇಗ್ ಚಿತ್ರಗಳ 'ಹ್ಯಾಮ್ಲೆಟ್' ಹೊರತಂದರು. ಇಂಗ್ಲಿಷ್ ಆವೃತ್ತಿ ಬಂದದ್ದು 1930ರಲ್ಲಿ. ಜಗತ್ತಿನ ಸುಂದರ ಪುಸ್ತಕಗಳಲ್ಲಿ ಅದೂ ಒಂದೆಂದು ಹೆಸರಾಗಿದೆ. ರಂಗದ ಮೇಲೆ ಉರುಳಿದ ತಟ್ಟಿಗಳು ಪುಟದ ಮೇಲೆ ನೆಟ್ಟಗೆ ನಿಂತವು.

ಇಂದು ರಾತ್ರಿ ಒಂದು ಆಟ ಆಡಿ. ರಟ್ಟಿನಲ್ಲಿ ಒಂದು ಬೊಂಬೆ ಕತ್ತರಿಸಿ, ಎರಡು ರಟ್ಟಿನ ಗೋಡೆಗಳ ನಡುವೆ ನಿಲ್ಲಿಸಿ. ದೀಪ ಆರಿಸಿ, ಅಜ್ಜನ ಕೈಗೆ ಟಾರ್ಚ್ ಕೊಡಿ. ಬೆಳಕು ಪಕ್ಕಕ್ಕೆ ಸರಿದಂತೆ ಬೊಂಬೆಯ ನೆರಳು ಹೇಗೆ ಬೆಳೆಯುತ್ತದೆ ನೋಡಿ. ಕಥೆ ಹೇಳಲು ಅಜ್ಜಿ ಇದ್ದಾರಲ್ಲ!